ಅಣ್ಣನ ನೂರು

ಅಣ್ಣ ತೀರಿಕೊಂಡ ಮೇಲೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಾನು ಅವನ ಜೊತೆ ಪಂದ್ಯ ಆಡಿದೆ. ನಮ್ಮ ಆಟದ ಲೆಕ್ಕದಲ್ಲಿ ಅದು ಸಾಧ್ಯ. ಸತ್ತವನ ಅಂಕ ಎಲ್ಲಕ್ಕಿಂತ ಮೇಲೆ ಉಳಿದಿದ್ದರೆ, ಬದುಕಿರುವವರೆಲ್ಲ ಅವನಲ್ಲಿ ಇಷ್ಟು ಪಾಲು, ಅಷ್ಟು ಪಾಲು ಎಂದೇ ಎಣಿಕೆಯಾಗುತ್ತಾರೆ. ಆ ಎಣಿಕೆಯಿಂದ ನನಗೂ ನನ್ನ ಅತ್ತಿಗೆಗೂ ಏನಾಯಿತು ಎಂದು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಅಣ್ಣನ ತೋಟ ಬಾಳ್ಳುಪೇಟೆಯಿಂದ ಒಳಕ್ಕೆ. ಎಸ್ಟೇಟ್ ಎಂದು ಕರೆಸಿಕೊಳ್ಳುವಷ್ಟು ದೊಡ್ಡದಲ್ಲ. ಲೆಕ್ಕ ಬರೆಯುವ ರೈಟರ್ ಇಲ್ಲ, ಆಳುಗಳಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳಿಲ್ಲ, ಆಳುಗಳ ಜೊತೆ ತಾನೇ ನಿಂತು ಕೆಲಸ ಮಾಡಿಸುತ್ತಿದ್ದ. ನನ್ನನ್ನು ಕೊಟ್ಟದ್ದು ಕೆ. ಹೊಸಕೋಟೆ ಕಡೆಗೆ. ಬೆಳೆ ಕಾಯಲೆಂದು ಅಪ್ಪನಿಗೆ ಲೈಸೆನ್ಸ್ ಸಿಕ್ಕಿದ್ದ ಡಬಲ್ ಬ್ಯಾರೆಲ್ ಕೋವಿ ಅಪ್ಪನ ನಂತರ ಅಣ್ಣನ ಹೆಸರಿಗೆ ಬಂತು. ಅಪ್ಪ ಅಣ್ಣನಿಗೆ ಕಲಿಸಿದ್ದರು, ಅಣ್ಣ ನನಗೆ ಕಲಿಸಿದ. ಹಬ್ಬದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ ನಮ್ಮ ಕಡೆ ಹಳೆಯದು. ಅಲ್ಲಿ ಒಂದು ಕಡೆ ನಿಂತು, ಉಸಿರು ಹಿಡಿದು, ಒಂದೇ ಈಡು. ಅಣ್ಣನಿಗೆ ಅದು ಬೇಸರ ಬಂದು ಪ್ರಾಕ್ಟಿಕಲ್ ಶೂಟಿಂಗ್ ಕಡೆ ತಿರುಗಿದ. ಅದರಲ್ಲಿ ನಿಂತಲ್ಲೇ ನಿಲ್ಲುವ ಹಾಗಿಲ್ಲ. ಟೈಮರ್ ಕೂಗಿದ ಕೂಡಲೇ ಓಡಬೇಕು, ಗುರುತು ಹಾಕಿದ ಜಾಗದಲ್ಲಿ ನಿಂತು ಕಬ್ಬಿಣದ ತಟ್ಟೆಗಳನ್ನು ಬೀಳಿಸಬೇಕು, ಎರಡೇ ಗುಂಡು ಹಿಡಿಯುವ ಕೋವಿಯನ್ನು ಮಡಚಿ ಮತ್ತೆ ತುಂಬಬೇಕು, ಮತ್ತೆ ಓಡಬೇಕು.

ಅಣ್ಣನ ಹಿಂದೆ ನಾನೂ ಹೋದೆ. ನಮ್ಮ ಮಾವನವರ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಲು ಓಡಾಡಿದವರು ನನ್ನ ಯಜಮಾನರು. ಅವರಿಗೆ ಈಡಿನ ಸದ್ದೇ ಆಗದು. ಇವತ್ತಿಗೂ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟು, ಕಾರಿನ ಗಾಜು ಏರಿಸಿಕೊಂಡು ಒಳಗೆ ನಿದ್ದೆ ಮಾಡುತ್ತಾರೆ.

ನಮ್ಮ ಕ್ಲಬ್ಬು ಸೇರುತ್ತಿದ್ದದ್ದು ಮಾರನಹಳ್ಳಿ ಕಡೆಯ ಒಂದು ಎಸ್ಟೇಟಿನೊಳಗೆ, ಕೆಲಸ ನಿಂತ ಹಳೇ ಕಲ್ಲುಕ್ವಾರಿಯಲ್ಲಿ. ಮೂರು ಕಡೆ ಬಂಡೆ, ಎದುರಿಗೆ ಗುಂಡು ಹೀರಿಕೊಳ್ಳಲು ಹಾಕಿದ ಮಣ್ಣಿನ ದಿಬ್ಬ. ಘಾಟಿ ಇಳಿಯುವ ಲಾರಿಗಳ ಬ್ರೇಕಿನ ಸದ್ದು ಅಲ್ಲಿಗೆ ಕೇಳಿಸುತ್ತದೆ. ಬಂಡೆಗಳ ನಡುವೆ ಪ್ರತಿ ಈಡೂ ಎರಡು ಸಲ ಕೇಳುತ್ತದೆ. ಎರಡನೆಯದು ಸ್ವಲ್ಪ ತಡವಾಗಿ, ಬೇರೆ ಯಾರೋ ಹೊಡೆದಂತೆ. ಎಲ್ಲ ನಡೆಸುತ್ತಿದ್ದವರು ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಒಬ್ಬ ಸುಬೇದಾರರು. ಟೈಮರ್ ಅವರ ಕೈಯಲ್ಲಿ, ಪಟ್ಟಿ ಅವರ ಕೈಯಲ್ಲಿ, ಬೈಗುಳವೂ ಅವರದೇ.

ಮೊದಲ ಸಲ ಹೋಗುವಾಗ ಜೀಪಿನಲ್ಲಿ ಅಣ್ಣನನ್ನು ಕೇಳಿದ್ದೆ, "ಪಂದ್ಯದಲ್ಲಿ ಫಸ್ಟ್ ಬಂದ್ರೆ ಕ್ಲಾಸು ಮೇಲಕ್ಕೆ ಹೋಯ್ತದಾ?"

"ಇಲ್ಲ ಕಣೇ. ಫಸ್ಟ್ ಅಂದ್ರೆ ಅವತ್ತು ಬಂದೋರಲ್ಲಿ ಫಸ್ಟು. ಹಾಳೂರಿಗೆ ಉಳಿದೋನೇ ಗೌಡ ಅಂತಾರಲ್ಲ, ಅಂಗೆ. ಕ್ಲಾಸ್ ಅಂದ್ರೆ ಬೇರೆ. ಅವತ್ತು ಬರದೆ ಇರೋರ ಜೊತೇಲೂ ಹೊಡೀಬೇಕು."

"ಬರದೆ ಇರೋರ ಜೊತೆ ಹೆಂಗೆ ಹೊಡೆಯೋದು?"

"ಹೊಡೀತಾ ಹೊಡೀತಾ ಗೊತ್ತಾಯ್ತದೆ ಬಾ" ಎಂದ.

ಗೊತ್ತಾಯಿತು. ಸಾಮಾನ್ಯ ಪಂದ್ಯದ ವ್ಯವಸ್ಥೆಯನ್ನು ಸುಬೇದಾರರು ಪ್ರತಿ ಸಲ ಬದಲಿಸುತ್ತಿದ್ದರು. ಆದರೆ ಕ್ಲಾಸು ಕಟ್ಟಲೆಂದೇ ಕೆಲವು ಓಟಗಳನ್ನು ಖಾಯಂ ಮಾಡಿ ಇಟ್ಟಿದ್ದರು. ಅವುಗಳಲ್ಲಿ ತಟ್ಟೆಯ ಎತ್ತರ, ದೂರ, ನಿಲ್ಲುವ ಚೌಕ ಎಲ್ಲವೂ ಟೇಪು ಹಿಡಿದು ಅಳೆದದ್ದು. ಯಾವ ಕ್ಲಬ್ಬಿನಲ್ಲಿ ಹೊಡೆದರೂ, ಯಾವ ವರ್ಷ ಹೊಡೆದರೂ ಒಂದೇ. ಬಿದ್ದ ತಟ್ಟೆಗಳಿಗೆ ಅಂಕ, ತಪ್ಪಿದ್ದಕ್ಕೆ ಕಡಿತ. ಉಳಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಆತುರಪಟ್ಟರೆ ತಟ್ಟೆ ಉಳಿಯುತ್ತದೆ, ಗುರಿ ನೋಡುತ್ತ ನಿಂತರೆ ಸಮಯ ಹೋಗುತ್ತದೆ, ಎರಡನ್ನೂ ಆ ಭಾಗಾಕಾರ ಹಿಡಿದುಬಿಡುತ್ತದೆ. ಆ ಓಟದಲ್ಲಿ ಅದುವರೆಗೆ ಯಾರೇ ಆಗಲಿ ಗಳಿಸಿದ ಅತಿ ಹೆಚ್ಚಿನ ಸಂಖ್ಯೆಯೇ ನೂರು. ಉಳಿದವರದು ಆ ನೂರಕ್ಕೆ ಎಷ್ಟು ಎಂಬ ಲೆಕ್ಕ. ಇತ್ತೀಚಿನ ಕೆಲವು ಓಟಗಳಲ್ಲಿ ಒಳ್ಳೆಯವನ್ನು ಆರಿಸಿ ಸರಾಸರಿ ತೆಗೆದರೆ ಅದೇ ನಿಮ್ಮ ಕ್ಲಾಸು. ನಲವತ್ತರ ಕೆಳಗಿದ್ದರೆ ಡಿ, ಆಮೇಲೆ ಸಿ, ಅರವತ್ತು ಮುಟ್ಟಿದರೆ ಬಿ, ಎಪ್ಪತ್ತೈದಕ್ಕೆ ಎ, ಎಂಬತ್ತೈದಕ್ಕೆ ಮಾಸ್ಟರ್. ಇನ್ನೂ ಮೇಲೊಂದು ಇದೆ. ನಮ್ಮಲ್ಲಿ ಅಲ್ಲಿಗೆ ಯಾರೂ ಹೋಗಿರಲಿಲ್ಲ. ಸಿಯವರು ಸಿಯವರ ಜೊತೆ, ಬಿಯವರು ಬಿಯವರ ಜೊತೆ ಬಹುಮಾನಕ್ಕೆ ಹೋರಾಡಲಿ ಎಂದು ಈ ಏರ್ಪಾಡು. ಒಮ್ಮೆ ಏರಿದ ಕ್ಲಾಸಿನಿಂದ ಯಾರನ್ನೂ ತಾನಾಗಿ ಇಳಿಸುವುದಿಲ್ಲ.

ಡಬಲ್ ಬ್ಯಾರೆಲ್ಲಿಗೆಂದು ಬೇರೆಲ್ಲೂ ಇಂಥ ಲೆಕ್ಕ ಇರಲಿಲ್ಲವಾದ್ದರಿಂದ ಘಟ್ಟದ ಮೇಲಿನ ಮೂರು ನಾಲ್ಕು ಸಣ್ಣ ಕ್ಲಬ್ಬುಗಳು ಸೇರಿ ತಮ್ಮದೇ ಪಟ್ಟಿ ಮಾಡಿಕೊಂಡಿದ್ದವು. ಅದರಲ್ಲಿ 'ಆರು ತಟ್ಟೆ' ಎಂಬ ಓಟ ಎಲ್ಲರಿಗೂ ಭಯ. ಮೂರು ಕಡೆ ನಿಂತು ಎರಡೆರಡು ತಟ್ಟೆ. ಐದನೆಯ ತಟ್ಟೆಯ ಅರ್ಧಕ್ಕೆ ಮುಂದೆ ಒಂದು ಬಿಳಿ ತಟ್ಟೆ ಅಡ್ಡ ನಿಂತಿರುತ್ತದೆ. ಬಿಳಿಯದಕ್ಕೆ ತಗುಲುವ ಹಾಗಿಲ್ಲ. ನಮ್ಮದು ಸೀಸದ ಸಣ್ಣ ಕಾಳುಗಳ ಚರೆ ಹಾರುವ ಕೋವಿ; ಚರೆ ಹರಡುತ್ತದೆ. ನೇರ ಹೊಡೆದರೆ ಬಿಳಿಯದೂ ಬೀಳುತ್ತದೆ. ಐದನೆಯದರ ಹೊರ ಅಂಚನ್ನು ಹುಡುಕಿ, ಅರ್ಧ ಚರೆಯನ್ನು ಗಾಳಿಗೆ ಬಿಟ್ಟು ಹೊಡೆಯಬೇಕು.

ಕಾಫಿ ಕೊಯ್ಲು ಮುಗಿಯುತ್ತ ಬಂದಿದ್ದ ಒಂದು ಜನವರಿಯ ಬೆಳಿಗ್ಗೆ ಅಣ್ಣ ಅದನ್ನು ಹೊಡೆದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಓಡಿದ ಹಾಗೇ ಕಾಣಲಿಲ್ಲ. ಸಂತೆಯಲ್ಲಿ ಪರಿಚಯದವರನ್ನು ಕಂಡು ಆ ಕಡೆ ಸರಿದು ಹೋಗುವ ಮನುಷ್ಯನ ಹಾಗೆ ಒಂದು ಗುರುತಿನಿಂದ ಇನ್ನೊಂದಕ್ಕೆ ಹೋದ. ಕೋವಿ ಮಡಚಿದ್ದೂ ತುಂಬಿದ್ದೂ ಕಾಣಲಿಲ್ಲ. ಆರನೆಯ ತಟ್ಟೆ ಬಿದ್ದ ಸದ್ದು ಬಂಡೆಗಳಲ್ಲಿ ತಿರುಗಿ ಬರುವ ಹೊತ್ತಿಗೆ ಅವನು ಖಾಲಿ ಕೋವಿಯನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದ. ಸುಬೇದಾರರು ಟೈಮರನ್ನು ಎರಡು ಸಲ ನೋಡಿದರು. ಎಲ್ಲರೂ ಹೋಗಿ ಬೆನ್ನು ತಟ್ಟಿದರೆ ಅಣ್ಣ ಲೊಚಗುಟ್ಟಿ, "ಐದನೇದು ತಡ ಆಯ್ತು" ಎಂದ. ಅವನಿಗೆ ಅದೊಂದು ಅಭ್ಯಾಸ. ಸಾರಿಗೆ ಉಪ್ಪು ಕಡಿಮೆಯಾದರೂ, ಮೆಣಸಿನ ಬಳ್ಳಿ ಒಣಗಿದರೂ, ನಾನು ತಟ್ಟೆ ತಪ್ಪಿಸಿದರೂ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒಂದೇ ಸಲ ಲೊಚ್ ಎನ್ನುತ್ತಿದ್ದ.

ಆ ದಿನದಿಂದ ಆರು ತಟ್ಟೆಯ ನೂರು ಅವನದಾಯಿತು.

ಮರುವರ್ಷ ಫೆಬ್ರವರಿಯಲ್ಲಿ ಅವನು ಹೋದ. ಹೂಮಳೆ ಬಂದಿರಲಿಲ್ಲ. ಕಾಫಿ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕಿದ್ದ. ಬೆಳಗಿನ ಕಾಫಿ ಕುಡಿದು, ಪೈಪು ಬದಲಿಸಬೇಕು ಎಂದು ಕೆರೆ ಕಡೆ ಹೋಗಿದ್ದಾನೆ. ಆನೆಗಳ ಹಿಂಡು ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಬರುವ ಮೆಸೇಜು ಅವತ್ತೂ ಬಂದಿತ್ತು. ಹಿಂಡು ದೂರವೇ ಇತ್ತು. ಇದು ಹಿಂಡು ಬಿಟ್ಟ ಒಂಟಿ ಸಲಗ. ಸ್ಪ್ರಿಂಕ್ಲರಿನ ಸದ್ದಿನಲ್ಲಿ ಅವನಿಗೆ ಕೇಳಿಸಿರಲಾರದು. ಕೋವಿ ಮನೆಯ ಬೀರುವಿನಲ್ಲಿತ್ತು.

ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಕೂತ ಯಾರೋ, "ಕೈಲಿ ಕೋವಿ ಇದ್ದಿದ್ರೆ ಬದುಕ್ಕೋತಿದ್ದ" ಎಂದರು. ಸುಬೇದಾರರು ತಲೆ ಎತ್ತದೆ, "ಇದ್ದಿದ್ರೂ ಆತ ಅದರ ಮೇಲೆ ಹೊಡೀತಿರ್ಲಿಲ್ಲ. ಚರೆ ಕೋವೀಲಿ ಆನೇನ ಏನ್ ಮಾಡಕಾಯ್ತದೆ?" ಎಂದರು. ಸ್ಥಳ ನೋಡಿ ಬಂದ ಫಾರೆಸ್ಟ್ ಗಾರ್ಡು ಪೊದೆಯಿಂದ ಅಣ್ಣ ಬಿದ್ದ ಜಾಗದವರೆಗೆ ಎಷ್ಟು ದೂರ, ಅಷ್ಟು ದೂರವನ್ನು ಅದು ಎಷ್ಟು ಬೇಗ ಬರುತ್ತದೆ ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ಬೇಡವೆಂದರೂ ನನ್ನ ತಲೆ ಅದನ್ನು ಅಣ್ಣನ ಓಟದ ಜೊತೆ ಇಟ್ಟು ನೋಡಿತು. ಅವನು ಆರು ತಟ್ಟೆ ಬೀಳಿಸುವಷ್ಟು ಹೊತ್ತೂ ಅದು ಅವನಿಗೆ ಕೊಟ್ಟಿರಲಿಲ್ಲ.

ಮಳೆಗಾಲ ಕಳೆದು ಕ್ಲಬ್ಬು ಮತ್ತೆ ಸೇರಿತು. ನಾನು ಹೋಗುವುದಿಲ್ಲ ಎಂದುಕೊಂಡಿದ್ದೆ. ಯಜಮಾನರೇ, "ಮನೇಲಿ ಕೂತು ಏನ್ ಮಾಡ್ತೀಯ, ನಡಿ" ಎಂದು ಕರೆದುಕೊಂಡು ಹೋದರು. ಅವತ್ತು ಆರು ತಟ್ಟೆಯನ್ನೇ ಇಟ್ಟಿದ್ದರು. ಹೊಡೆದೆ. ಸಂಜೆಗೆ ಸುಬೇದಾರರು ಪಟ್ಟಿ ಓದುತ್ತ ನನ್ನ ಹೆಸರಿಗೆ ಬಂದಾಗ, "ಅರವತ್ತೆಂಟು" ಎಂದರು. ಪಕ್ಕದಲ್ಲಿದ್ದವರು ಚೆನ್ನಾಗಾಯಿತು ಎಂದರು. ಅರವತ್ತೆಂಟು, ಯಾವುದರಲ್ಲಿ? ಅಣ್ಣನಲ್ಲಿ. ಅಲ್ಲಿ ನಿಂತಿದ್ದ ಒಬ್ಬೊಬ್ಬರೂ ಅವನಲ್ಲಿ ಐವತ್ತು, ಅವನಲ್ಲಿ ಎಪ್ಪತ್ತು. ಊರಿನಲ್ಲಿ ಜನ ಅವನ ಮಾತು ಬಂದರೆ ದನಿ ತಗ್ಗಿಸುತ್ತಿದ್ದ ಕಾಲದಲ್ಲಿ ಇಲ್ಲಿ ಅವನನ್ನು ಗಟ್ಟಿಯಾಗಿ ಓದುತ್ತಿದ್ದರು.

ಅದಾದ ಮುಂದಿನ ಸಲ ಆ ಸದ್ದು ಕೇಳಿತು. ಮೂರನೆಯ ಗುರುತಿಗೆ ಓಡಿ, ಕೋವಿ ತುಂಬಿ, ಐದನೆಯ ತಟ್ಟೆಯ ಅಂಚನ್ನು ಹುಡುಕುತ್ತಿದ್ದೆ. ಎಡ ಹೆಗಲಿನ ಹಿಂದೆ, ಬಹಳ ಹತ್ತಿರದಲ್ಲಿ, ಲೊಚ್. ನಾನು ಹೊಡೆದುಬಿಟ್ಟೆ. ತಟ್ಟೆ ಬಿತ್ತು, ಆರನೆಯದೂ ಬಿತ್ತು. ಕೋವಿ ಖಾಲಿ ಮಾಡಿ ತೋರಿಸಿ ತಿರುಗಿದರೆ ಸುಬೇದಾರರು ಟೈಮರ್ ಹಿಡಿದು ಬಲಗಡೆ ನಿಂತಿದ್ದರು.

"ಲೊಚಗುಟ್ಟಿದ್ಯೇನವ್ವ?" ಎಂದರು.

"ಇಲ್ವಲ್ಲ."

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಟೈಮರಿನ ಅಂಕಿ ಬರೆದುಕೊಳ್ಳಲು ಹೋದರು. ಆ ಮಾತನ್ನು ಇಬ್ಬರೂ ಮತ್ತೆಂದೂ ಎತ್ತಲಿಲ್ಲ.

ಆಮೇಲೆ ಅದು ಪ್ರತಿ ಸಲ ಬಂತು ಎಂದರೆ ಸುಳ್ಳಾಗುತ್ತದೆ. ಬೇರೆ ಓಟಗಳಲ್ಲಿ ಇಲ್ಲವೇ ಇಲ್ಲ. ಆರು ತಟ್ಟೆಯಲ್ಲಿ, ಐದನೆಯದಕ್ಕೆ ನಾನು ತಡ ಮಾಡಿದರೆ ಬರುತ್ತಿತ್ತು. ಮನೆಯಲ್ಲಿ ಬೆನ್ನ ಹಿಂದೆ ಯಾರೋ ಬಂದು ನಿಂತಾಗ ನೋಡದೆಯೇ ಇಂಥವರು ಎಂದು ತಿಳಿಯುತ್ತದಲ್ಲ, ಹಾಗೆ ತಿಳಿಯುತ್ತಿತ್ತು. ಭಯವಿತ್ತು. ಆದರೆ ಆ ಭಯಕ್ಕಾಗಿಯೇ ನಾನು ಹೋಗುತ್ತಿದ್ದೆ. ಕಣದಲ್ಲಿ ಕಾಫಿ ಒಣಗುತ್ತಿದ್ದರೆ ಅದರ ಪಕ್ಕದಲ್ಲಿ ಖಾಲಿ ಕೋವಿ ಹಿಡಿದು, ಮೂರು ಇಟ್ಟಿಗೆ ಇಟ್ಟುಕೊಂಡು, ಇಟ್ಟಿಗೆಯಿಂದ ಇಟ್ಟಿಗೆಗೆ ಓಡುತ್ತಿದ್ದೆ. ಕೆಲಸದ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಬಿಯಿಂದ ಎಗೆ ಬಂದೆ. "ರಕ್ತದಲ್ಲೇ ಐತೆ" ಎಂದು ಕ್ಲಬ್ಬಿನವರು ಹೇಳುತ್ತಿದ್ದರು.

ಎರಡನೆಯ ವರ್ಷದ ಪಕ್ಷದ ಹಬ್ಬಕ್ಕೆ ಅತ್ತಿಗೆಯ ಮನೆಗೆ ಹೋದೆವು. ಅಣ್ಣ ಅತ್ತಿಗೆಗೆ ಮಕ್ಕಳಿರಲಿಲ್ಲ. ಅತ್ತಿಗೆ ಆಲೂರಿನವರು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಅಣ್ಣನ ಕೋವಿಯನ್ನು ಅವರು ಒಂದು ದಿನ ಮುಟ್ಟಿದವರಲ್ಲ, ಕ್ವಾರಿಗೆ ಒಂದು ಸಲ ಬಂದವರೂ ಅಲ್ಲ. ಅಕ್ಕಿ ಕಡುಬು, ಕೋಳಿ ಸಾರು, ಅಣ್ಣ ಇಷ್ಟಪಡುತ್ತಿದ್ದ ಕಳಲೆ ಪಲ್ಯ ಎಲ್ಲ ಮಾಡಿ ಎಡೆ ಇಟ್ಟರು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ನಾವೆಲ್ಲ ಜಗಲಿಯಲ್ಲಿ ಕೂತೆವು. ಆಗ ನಮ್ಮ ಚಿಕ್ಕಪ್ಪ ಹೊತ್ತು ಹೋಗಲೆಂದು ನನ್ನನ್ನು ಕೇಳಿದರು, "ನಿಂದು ಎಷ್ಟಕ್ಕೆ ಬಂತು ಈಗ?"

"ಎಂಬತ್ತೊಂದು."

"ಯಾವುದು ಎಂಬತ್ತೊಂದು?" ಎಂದು ಅತ್ತಿಗೆ ಕೇಳಿದರು.

"ಕ್ಲಬ್ಬಿಂದು ಅತ್ತಿಗೆ. ಆರು ತಟ್ಟೇಲಿ, ನೂರಕ್ಕೆ."

"ನೂರು ಅಂದ್ರೆ?"

ಚಿಕ್ಕಪ್ಪನೇ ಹೇಳಿಬಿಟ್ಟರು. "ಅದು ನಮ್ಮ ಹುಡುಗಂದೇ ಅಲ್ವಾ ಇನ್ನೂ. ಯಾರೂ ಮುರಿದಿಲ್ಲ."

ಅತ್ತಿಗೆ ಕೇಳಿ ಕೇಳಿ ಎಲ್ಲವನ್ನೂ ತಿಳಿದುಕೊಂಡರು. ತಟ್ಟೆ ಎಂದರೇನು, ನೂರು ಎಂದರೇನು, ಓದುವುದು ಯಾವಾಗ, ಓದುವಾಗ ಅವನ ಹೆಸರು ಹೇಳುತ್ತಾರೋ ಇಲ್ಲವೋ. ಹೇಳುತ್ತಾರೆ ಎಂದೆ. ಯಾವಾಗಲೂ ಮೊದಲನೆಯದು ಅದೇ.

"ಹೋದ ವರ್ಷವೂ ಎಡೆ ಇಕ್ಕಿದೆ. ತಿಥಿಗೂ ಇಕ್ಕಿದೆ" ಎಂದರು ಅತ್ತಿಗೆ. "ಮಾಡಿನ ಮೇಲೆ ಇಟ್ಟಿದ್ದನ್ನ ಕಾಗೆ ಮೂಸಿ ನೋಡ್ಲಿಲ್ಲ. ಇಲ್ಲಿಗೆ ಯಾಕೆ ಬತ್ತಾರೆ ಅವ್ರು? ನೀವು ತಿಂಗ್ಳು ತಿಂಗ್ಳು ಅಲ್ಲಿ ಹೆಸರಿಡಿದು ಕರೀತಿದ್ರೆ?"

ಬಾಗಿಲು ತೆಗೆಯುವ ಹೊತ್ತಾಗಿತ್ತು, ತೆಗೆಯಲು ಯಾರೂ ಏಳಲಿಲ್ಲ.

"ಅದನ್ನ ತೆಗಿಸ್ಬುಡು" ಎಂದರು ನನಗೆ. "ಅವ್ರು ಓಡಿದ್ದು ಸಾಕು."

ನನ್ನ ಎಡ ಹೆಗಲಿನ ಹಿಂದಿನ ಸದ್ದಿನ ವಿಷಯ ನಾನು ಅತ್ತಿಗೆಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಮುಂದಿನ ಪಂದ್ಯಕ್ಕೆ ಅತ್ತಿಗೆ ನಮ್ಮ ಕಾರಿನಲ್ಲೇ ಬಂದರು. ಸುಬೇದಾರರು ಅವರಿಗೆ ಕುರ್ಚಿ ಹಾಕಿಸಿ, ಟೀ ತರಿಸಿ, ಪೂರ್ತಿ ಕೇಳಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು.

"ತೆಗೆಯಕ್ಕೆ ಬರಲ್ಲ ಕಣಮ್ಮ. ನಾನು ಆಗಲ್ಲ ಅಂತಿರೋದು ಹಟಕ್ಕಲ್ಲ. ಇಲ್ಲಿ ಎಲ್ಲಾರ ಲೆಕ್ಕ ಅದರ ಮೇಲೆ ನಿಂತೈತೆ. ಅದು ಆಗಿಲ್ಲ ಅಂತ ನಾನು ಬರೆದ್ರೆ, ಆತ ಹೊಡೆದೇ ಇಲ್ಲ ಅಂದಂಗಾಯ್ತದೆ. ನನ್ನ ಕೈಲೇ ಟೈಮರ್ ಇತ್ತು. ನಾನು ನೋಡಿದೀನಿ."

"ಹಂಗಾರೆ ಇದು ಹಿಂಗೇ ಇರ್ತದಾ? ನಾನು ಸತ್ತ ಮ್ಯಾಲೂ?"

"ಯಾರಾದ್ರೂ ಮೀರಿಸಿದ್ರೆ ಅವರದ್ದು ನೂರಾಯ್ತದೆ. ಆಗ ಆತಂದು ಒಂದು ಮೆಟ್ಟಲು ಕೆಳಗೆ, ಎಲ್ಲಾರ ಜೊತೆ."

ಅತ್ತಿಗೆ ಟೀ ಲೋಟವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೀನೇ ಮಾಡು. ಬ್ಯಾರೆಯೋರು ಯಾಕೆ?"

ಆ ಚಳಿಗಾಲವೆಲ್ಲ ನಾನು ಅದೊಂದನ್ನೇ ಮಾಡಿದೆ. ಮಾಡುತ್ತಿದ್ದದ್ದು ಏನು ಎಂದು ನನಗೆ ಸ್ಪಷ್ಟವಿರಲಿಲ್ಲ. ಕಣದಲ್ಲಿ ಇಟ್ಟಿಗೆಯಿಂದ ಇಟ್ಟಿಗೆಗೆ ಓಡುವಾಗ ಕೆಲವು ದಿನ ಅಣ್ಣನನ್ನು ಬಿಡಿಸಿ ಕಳಿಸುತ್ತಿದ್ದೇನೆ ಅನ್ನಿಸುತ್ತಿತ್ತು, ಕೆಲವು ದಿನ ಅವನನ್ನು ಇನ್ನೊಂದು ಸಲ ಹೊರಗೆ ಹಾಕುತ್ತಿದ್ದೇನೆ ಅನ್ನಿಸುತ್ತಿತ್ತು. ಯಜಮಾನರು ಫೋನಿನಲ್ಲಿ ಸಮಯ ನೋಡಿ ಹೇಳುತ್ತಿದ್ದರು. ಒಂದು ದಿನ, "ನೀನು ತುಂಬುವಾಗ ಈಗೀಗ ನಿಮ್ಮಣ್ಣನ ಥರಾನೇ ತಲೆ ಓರೆ ಮಾಡ್ತೀಯ" ಎಂದರು. ನಾನು ಅದನ್ನು ಕಲಿತದ್ದು ಯಾವಾಗಲೋ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಆರು ತಟ್ಟೆ ಇಟ್ಟರು. ಅತ್ತಿಗೆ ಕಿವಿಗೆ ಮಫ್ ಹಾಕಿಕೊಂಡು ದೂರದ ಕಲ್ಲಿನ ಮೇಲೆ ಕೂತಿದ್ದರು. ಸುಬೇದಾರರು ರೆಡಿಯಾ ಎಂದು ಕೇಳಿದರು, ಟೈಮರ್ ಕೂಗಿತು. ಮೊದಲ ಎರಡು ಬಿದ್ದವು. ಓಡಿದೆ, ತುಂಬಿದೆ, ಮೂರು, ನಾಲ್ಕು. ಕಾಲುಗಳು ನನ್ನವಲ್ಲ ಎನ್ನುವ ಹಾಗೆ ಓಡುತ್ತಿದ್ದವು. ಕೊನೆಯ ಗುರುತಿಗೆ ಬಂದು ನಿಂತಾಗಲೇ ಗೊತ್ತಾಯಿತು, ಇಷ್ಟು ಬೇಗ ನಾನು ಇಲ್ಲಿಗೆ ಎಂದೂ ಬಂದಿಲ್ಲ. ಐದನೆಯದರ ಅಂಚು ಎದುರಿಗಿತ್ತು. ಕೋವಿ ಹೆಗಲಿಗೆ ಬಂದಿತ್ತು. ಹೆಗಲ ಹಿಂದೆ ಏನೂ ಇರಲಿಲ್ಲ.

ಲಾರಿಯ ಸದ್ದೂ ಇರಲಿಲ್ಲ. ನಾನು ಹೊಡೆದೆ, ಆರನೆಯದನ್ನೂ ಹೊಡೆದೆ, ಎಲ್ಲವೂ ಬಿದ್ದವು, ಬಿಳಿಯದು ನಿಂತೇ ಇತ್ತು.

ತೊಂಬತ್ತನಾಲ್ಕು. ಸರಾಸರಿ ಕಟ್ಟಿದರೆ ನಾನು ಮಾಸ್ಟರ್. ಅಣ್ಣ ಇದ್ದ ಕ್ಲಾಸು. ಜನ ಕೈ ಕುಲುಕಿದರು. ಅತ್ತಿಗೆ ಕಲ್ಲಿನಿಂದ ಇಳಿದು ಬಂದು ಬೇರೆಯದನ್ನೇ ಕೇಳಿದರು.

"ಕೊನೇಲಿ ಯಾಕೆ ನಿಂತ್ಕಂಡೆ?"

"ನಿಂತ್ಕಂಡ್ನಾ?"

"ನಿಂತ್ಕಂಡೆ. ಯಾರೋ ಕರೀತಾರೆ ಅಂತ ಕಾದೋರ ಹಂಗೆ."

ಕಾದಿದ್ದೆ. ಆ ಸದ್ದು ಬರಲಿ ಎಂದು ಕಾದಿದ್ದೆ, ಬರಲಿಲ್ಲ. ಅಷ್ಟು ಹೊತ್ತೇ ನನಗೂ ಅಣ್ಣನಿಗೂ ಉಳಿದ ಅಂತರ. ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಮೊದಲ ಸಲದಿಂದ ಹಿಡಿದು, ಸುಬೇದಾರರು ಕೇಳಿದ್ದನ್ನೂ ಸೇರಿಸಿ. ಅವರು ನನ್ನನ್ನು ಅನುಮಾನಿಸಲಿಲ್ಲ. "ಮನೇಲಿ ಒಂದ್ಸಲವೂ ಕೇಳಿಲ್ಲ ನಂಗೆ" ಎಂದಷ್ಟೇ ಹೇಳಿದರು. ಅವರಿಗೆ ಬೇಕಾಗಿದ್ದದ್ದು ಅದೇ ಎಂದು ನನಗೆ ಆಗ ಹೊಳೆಯಿತು. ಅವನು ಹೋಗಲಿ ಎನ್ನುತ್ತಿದ್ದ ಹೆಂಗಸು ಅವನು ಮನೆಗೆ ಬರಲಿ ಎಂದು ಕಾಯುತ್ತಿದ್ದಳು.

ಮುಂದಿನ ಮಳೆ ಕಳೆದ ಮೇಲೆ ಘಟ್ಟದ ಕೆಳಗಿನಿಂದ ಒಬ್ಬ ಡಾಕ್ಟರಮ್ಮ ಕ್ಲಬ್ಬಿಗೆ ಬರತೊಡಗಿದರು. ನನಗಿಂತ ಚಿಕ್ಕವರು, ತಂದೆಯ ಕೋವಿ ತಂದಿದ್ದರು. ನಮ್ಮಲ್ಲಿ ಯಾರ ಕಥೆಯೂ ಅವರಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಬಂದಾಗ ಆರು ತಟ್ಟೆ ಇತ್ತು. ಅವರು ಅಣ್ಣನ ಹಾಗೆ ಹೊಡೆಯಲಿಲ್ಲ. ಗಡಿಬಿಡಿ, ಧೂಳು, ತುಂಬುವಾಗ ಒಂದು ಕಾರ್ಟ್ರಿಜ್ ಇನ್ನೇನು ಕೈ ಜಾರುವುದರಲ್ಲಿತ್ತು, ಜಾರಲಿಲ್ಲ. ಐದನೆಯದನ್ನು ಎಲ್ಲರಿಗಿಂತ ಒಂದು ಹೆಜ್ಜೆ ಆಚೆ ನಿಂತು, ಅಂಚು ತೆರೆದುಕೊಳ್ಳುವ ಕಡೆಯಿಂದ ಹೊಡೆದರು. ಅದೂ ಗುರುತಿನ ಚೌಕದ ಒಳಗೇ ಇತ್ತು, ಅಲ್ಲಿ ನಿಲ್ಲಬಾರದೆಂದು ನಿಯಮವೇನೂ ಇರಲಿಲ್ಲ. ನಮಗೆ ಯಾರಿಗೂ ತೋಚಿರಲಿಲ್ಲ. ಅಣ್ಣ ನಿಂತ ಜಾಗದಲ್ಲೇ ನಾವೆಲ್ಲ ನಿಲ್ಲುತ್ತ ಬಂದಿದ್ದೆವು.

ಸುಬೇದಾರರು ಟೈಮರ್ ನೋಡಿದರು. ಟೋಪಿ ತೆಗೆದು ಬೆವರು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಕ್ವಾರಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಡಾಕ್ಟರಮ್ಮ ಕೋವಿ ಮಡಚಿ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತ, "ಯಾಕೆ, ಏನಾದ್ರೂ ತಪ್ಪಾಯ್ತಾ?" ಎಂದರು.

ನಾನು ಹೋಗಿ ಅವರ ಕೈ ಹಿಡಿದುಕೊಂಡೆ. "ಏನೂ ತಪ್ಪಿಲ್ಲ. ಭಾಳ ಚೆನ್ನಾಗಿ ಹೊಡೆದ್ರಿ" ಎಂದೆ. ಆಮೇಲೆ ಅಣ್ಣನ ವಿಷಯ ಯಾರೋ ಹೇಳಿರಬೇಕು. ಹೊರಡುವಾಗ ಹುಡುಕಿಕೊಂಡು ಬಂದು, "ನಂಗೆ ಗೊತ್ತಿರ್ಲಿಲ್ಲ" ಎಂದರು. ಗೊತ್ತಿದ್ದರೆ ಅವರೂ ನಮ್ಮ ಹಾಗೇ ಹೊಡೆಯುತ್ತಿದ್ದರೋ ಏನೋ.

ಸಂಜೆ ಪಟ್ಟಿ ಓದಿದರು. ಅವರದು ನೂರು. ಅಣ್ಣನದು ತೊಂಬತ್ತೆಂಟು ಚಿಲ್ಲರೆ. ನನ್ನದೂ ಎಲ್ಲರದೂ ಅಷ್ಟಷ್ಟು ಇಳಿದವು. ಯಾರ ಕ್ಲಾಸೂ ಇಳಿಯಲಿಲ್ಲ.

ಬರುವ ದಾರಿಯಲ್ಲಿ ಅತ್ತಿಗೆಯ ಮನೆಗೆ ಹೋದೆವು. ಅವರು ಅಡಿಗೆಮನೆಯಲ್ಲಿ ಹುರುಳಿಕಾಳು ಹಸನು ಮಾಡುತ್ತ ಕೂತಿದ್ದರು. ಹೇಳಿದೆ. ಮೊರ ಆಡಿಸುವುದು ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಎಷ್ಟು ಈಗ ಅವ್ರದ್ದು?"

"ತೊಂಬತ್ತೆಂಟು ಚಿಲ್ಲರೆ, ಅತ್ತಿಗೆ."

"ಹೆಣ್ಣುಮಗ್ಳಾ ಹೊಡೆದಿದ್ದು?"

"ಹೂಂ. ಡಾಕ್ಟರು."

"ಊಟ ಮಾಡ್ಕಂಡು ಹೋದ್ಲಾ? ಘಾಟಿ ಇಳಿದು ಹೋಗ್ಬೇಕು ಪಾಪ."

ಮಾಡಿದರು ಎಂದೆ. ಅವರು ಕಾಳಿನೊಳಗಿನ ಕಲ್ಲನ್ನು ಆರಿಸಿ ಆರಿಸಿ ಒಲೆಯ ದಂಡೆಯ ಮೇಲೆ ಇಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮೊರ ಪಕ್ಕಕ್ಕಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಣ್ಣು ಮಾಡಿದ ದಿನವೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ನನ್ನ ಯಜಮಾನರು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಗಿ ಅಂಗಳದಲ್ಲಿ ನಿಂತುಕೊಂಡರು.

ನಾನು ಈಗಲೂ ಹೊಡೆಯುತ್ತೇನೆ. ಆರು ತಟ್ಟೆಯನ್ನು ಎಲ್ಲರೂ ಈಗ ಡಾಕ್ಟರಮ್ಮನ ಜಾಗದಲ್ಲಿ ನಿಂತು ಹೊಡೆಯುತ್ತಾರೆ, ನಾನೂ ಕೂಡ. ಆ ಸದ್ದು ಮತ್ತೆ ಕೇಳಿಲ್ಲ. ಹೊಸದಾಗಿ ಸೇರಿದವರಿಗೆ ಅಣ್ಣ ಪಟ್ಟಿಯ ಎರಡನೆಯ ಸಾಲಿನ ಒಂದು ಹೆಸರು. ಅವನು ಈಗೀಗ ಬರುತ್ತಿಲ್ಲವಷ್ಟೇ ಎಂದು ತಿಳಿದುಕೊಂಡು ಒಬ್ಬರು, "ಇವರು ಈಗ ಆಡೋದು ಬಿಟ್ರಾ?" ಎಂದು ಕೇಳಿದರು. ಹೌದು, ಬಿಟ್ಟರು ಎಂದೆ.

ಈ ವರ್ಷ ಕೊಯ್ಲಿಗೆ ಮುಂಚೆ ಅತ್ತಿಗೆ ಫೋನು ಮಾಡಿ, ಠಾಣೆಗೆ ಜೊತೆಗೆ ಬಾ ಎಂದರು. ಲೈಸೆನ್ಸುದಾರ ಸತ್ತಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಅಣ್ಣನದನ್ನು ಒಪ್ಪಿಸಿ ಹಾಗೇ ಬಿಟ್ಟಿದ್ದೆವು. ಈಗ ಅದನ್ನು ನನ್ನ ಹೆಸರಿಗೆ ಮಾಡಿಸಲು ತಮ್ಮ ಒಪ್ಪಿಗೆ ಇದೆ ಎಂದು ಅತ್ತಿಗೆ ಹೇಳಿಕೆ ಕೊಟ್ಟರು. ಕಾನ್‌ಸ್ಟೇಬಲ್ ಒಳಗಿನಿಂದ ಕೋವಿ ತಂದು ಮೇಜಿನ ಮೇಲೆ ಇಟ್ಟರು. ನಳಿಗೆಯ ಮೇಲೆ ತುಕ್ಕಿನ ಚುಕ್ಕೆಗಳು ಎದ್ದಿದ್ದವು. ಮರದ ಹಿಡಿಯಲ್ಲಿ, ಅಪ್ಪನ ಕೆನ್ನೆ ಅಣ್ಣನ ಕೆನ್ನೆ ಒತ್ತಿ ಒತ್ತಿ ಬಣ್ಣ ಹೋದ ಜಾಗ ಹಾಗೇ ಇತ್ತು.

"ಎತ್ತಬೋದಾ?" ಎಂದು ಅತ್ತಿಗೆ ಕೇಳಿದರು. ಕಾನ್‌ಸ್ಟೇಬಲ್ ಅದನ್ನು ಮಡಚಿ ಖಾಲಿ ಇದೆ ಎಂದು ತೋರಿಸಿ ಕೊಟ್ಟರು. ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈ ಕೆಳಗೆ ಕೊಟ್ಟು ಎತ್ತಿಕೊಂಡರು. ಅವರ ಮುಖದಲ್ಲಿ ಆಶ್ಚರ್ಯ ಕಂಡಿತು.

"ಇಷ್ಟು ಭಾರನಾ ಇದು" ಎಂದರು. "ಇದನ್ನ ಹಿಡ್ಕಂಡು ಓಡ್ತಿದ್ರಾ ಅವ್ರು?"

"ಓಡ್ತಿದ್ದ, ಅತ್ತಿಗೆ."

ಲೈಸೆನ್ಸ್ ಆಗಿ ಬಂದು ಕೋವಿ ಈಗ ನಮ್ಮ ಮನೆಯಲ್ಲಿದೆ. ಎಣ್ಣೆ ಹಾಕಿ ತುಕ್ಕು ತೆಗೆದೆ. ನಳಿಗೆಯೊಳಗೆ ಬೆಳಕಿಗೆ ಹಿಡಿದು ನೋಡಿದರೆ ಕನ್ನಡಿಯ ಹಾಗಿದೆ. ಹೆಗಲಿಗೆ ಏರಿಸಿ ನೋಡಿದ್ದೇನೆ, ಆದರೆ ಕೆನ್ನೆಯನ್ನು ಆ ಬಣ್ಣ ಹೋದ ಜಾಗಕ್ಕೆ ತಾಗಿಸಿಲ್ಲ. ಅದರಲ್ಲಿ ಒಂದು ಈಡೂ ಹೊಡೆದಿಲ್ಲ. ಯಜಮಾನರು ಯಾವಾಗ ಹೊಡೆಯುತ್ತೀಯ ಎಂದು ಒಮ್ಮೆ ಕೇಳಿದರು. ಕೊಯ್ಲು ಮುಗಿಯಲಿ ಎಂದೆ. ಕೊಯ್ಲು ಮುಗಿದು ಬಹಳ ದಿನವಾಯಿತು.